ಆರು ವಾರವನ್ನು ಎರಡಕ್ಕೆ 'ಟೆಲಿಸ್ಕೋಪ್' ಮಾಡಬಹುದಾ?

ಪದಪ್ರೀತಿ: ಆರು ವಾರದ ತರಬೇತಿಯನ್ನು ಎರಡು ವಾರಕ್ಕೆ 'ಟೆಲಿಸ್ಕೋಪ್' ಮಾಡುತ್ತಿದ್ದೇವೆ ಅಂತ ಆಫೀಸಿನಿಂದ ಇಂಗ್ಲಿಷ್ ಮೇಲ್ ಬಂದಿದೆ. ಇದು ಕ್ರಿಯಾಪದವಾ? ಸುಮ್ನೆ 'ಶಾರ್ಟನ್' ಅಂದರೆ ಸಾಲದಾ?

ಹಳಿಮೇಲೆ: ಕ್ರಿಯಾಪದವೇ. ಹಳೇ ದುರ್ಬೀನಿನ ಕೊಳವೆಗಳು ಒಂದರೊಳಗೊಂದು ಸರಿದು ಗಿಡ್ಡ ಆಗುತ್ತವಲ್ಲ, ಅದರಿಂದ ಬಂದದ್ದು. ರೈಲು ಡಿಕ್ಕಿಯಲ್ಲಿ ಒಂದು ಬೋಗಿ ಇನ್ನೊಂದರೊಳಗೆ ನುಗ್ಗುವುದಕ್ಕೂ 19ನೇ ಶತಮಾನದಿಂದಲೇ ಇದೇ ಮಾತು. ನಮ್ಮ ರೈಲುಗಳ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ) ಬೋಗಿಗಳು ಹಾಗೆ ನುಗ್ಗದಂತೆ ಮಾಡಿದವು, 'ಆಂಟಿ ಟೆಲಿಸ್ಕೋಪಿಕ್' ಅನ್ನುವುದು ಅದಕ್ಕೇ. ಕಾಲದ ವಿಷಯಕ್ಕೆ ಬಂದರೆ, ಪಾಠ ಬಿಡುವುದಿಲ್ಲ, ಒತ್ತಿ ತುಂಬುತ್ತಾರೆ ಅಂತ ಅರ್ಥ.

ಕೆಂಪುಶಾಯಿ: ಬೋಗಿ ಟೆಲಿಸ್ಕೋಪ್ ಆದರೆ ಒಳಗಿದ್ದವರ ಗತಿ ಏನಾಗುತ್ತದೆ ಅಂತ ಗೊತ್ತಲ್ವಾ? ಇಲ್ಲೂ ಅಷ್ಟೇ. ನೇರವಾಗಿ 'ಕರ್ಟೇಲ್' ಅನ್ನಲಿ. ಬಾಲ ಕತ್ತರಿಸಿದ ಕುದುರೆಗೆ 'ಕರ್ಟಲ್' ಅನ್ನುತ್ತಿದ್ದರು, ಪದ ಅಲ್ಲಿಂದ ಬಂದದ್ದು. ಕತ್ತರಿಸಿದ್ದು ಕಾಣುತ್ತದೆ.

ಹಳಿಮೇಲೆ: ಆಗ ನಾಲ್ಕು ವಾರದ ಪಾಠ ಕೈಬಿಟ್ಟರು ಅಂತಾಗುತ್ತದೆ. ಮೇಲ್ ಹಾಗೆ ಹೇಳಿಲ್ಲ.

ಕರಿಕೋಟು: 'ಅಬ್ರಿಡ್ಜ್' ಯಾರೂ ಹೇಳಲಿಲ್ಲ! ದಪ್ಪ ಪುಸ್ತಕ ಸಣ್ಣದು ಮಾಡುವುದಕ್ಕೆ ಮಾತ್ರ ಅಲ್ಲ ಅದು. ಸಂವಿಧಾನದ 13(2)ನೇ ವಿಧಿಯ ಇಂಗ್ಲಿಷ್ ಪಾಠ ನೋಡಿ: ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವ ಅಥವಾ 'ಅಬ್ರಿಡ್ಜ್' ಮಾಡುವ ಕಾನೂನನ್ನು ಸರ್ಕಾರ ಮಾಡುವಂತಿಲ್ಲ. ಪೂರ್ತಿ ಕಿತ್ತುಕೊಳ್ಳುವುದು ಬೇರೆ, ಮೊಟಕು ಮಾಡುವುದು ಬೇರೆ ಅಂತ ಎರಡೂ ಪದ ಇಟ್ಟಿದ್ದಾರೆ. ತರಬೇತಿಗೆ ಮಾತ್ರ ಇದು ಒಗ್ಗುವುದಿಲ್ಲ.

ಚೆಕ್ಕುಪುಸ್ತಕ: ಬ್ಯಾಂಕಿನಲ್ಲಿ ನಮ್ಮದು 'ಟ್ರಂಕೇಟ್', ಅಂದರೆ ತುಂಡರಿಸು. ಚೆಕ್ ಕ್ಲಿಯರಿಂಗಿನ ಸಿಟಿಎಸ್ (ಚೆಕ್ ಟ್ರಂಕೇಶನ್ ಸಿಸ್ಟಮ್) ವ್ಯವಸ್ಥೆಯಲ್ಲಿರುವ ಟಿ ಅದೇ. 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಚೆಕ್ಕನ್ನು ಯಾರೂ ಹರಿಯುವುದಿಲ್ಲ. ಅದು ಊರೂರು ಸುತ್ತುವುದು ನಿಲ್ಲುತ್ತದೆ, ಮುಂದೆ ಚಿತ್ರ ಮಾತ್ರ ಹೋಗುತ್ತದೆ.

ಕೊನೆಬೆಂಚು: ಪ್ರೀಪೋನ್?

ಕೆಂಪುಶಾಯಿ: ಅದು ದಿನಾಂಕ ಮುಂಚೆ ತರುವುದು. ಅವಧಿ ಅಷ್ಟೇ ಇರುತ್ತದೆ.

ಕೊನೆಬೆಂಚು: ಸರಿ ಗುರುಗಳೇ. ಮಡಚುವ ಕುರ್ಚಿಗೆ 'ಕೊಲ್ಯಾಪ್ಸ್' ಅನ್ನಬಹುದಾ? ಕಟ್ಟಡ ಕುಸಿದ ಹಾಗೆ ಕೇಳುತ್ತದೆ.

ಹಳಿಮೇಲೆ: ಅನ್ನಬಹುದು. ಆದರೆ ನೀವು ಕುರ್ಚಿಯನ್ನು ಕೊಲ್ಯಾಪ್ಸ್ ಮಾಡಿದಿರಿ ಅಂದರೆ ಮಡಚಿದಿರಿ. ಕುರ್ಚಿಯೇ ಕೊಲ್ಯಾಪ್ಸ್ ಆಯಿತು ಅಂದರೆ ನೀವು ನೆಲದ ಮೇಲೆ! ಅದಕ್ಕೇ ನಾನಾದರೆ 'ಫೋಲ್ಡ್' ಅನ್ನುತ್ತೇನೆ.

ಪದಪ್ರೀತಿ: ಮೇಲ್ ಜೊತೆಗಿದ್ದ ವೇಳಾಪಟ್ಟಿ ಈಗ ನೋಡಿದೆ. ಪಾಠ ಒಂದೂ ಬಿಟ್ಟಿಲ್ಲ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟು, ಭಾನುವಾರವೂ ಸೇರಿ.

ಹಳಿಮೇಲೆ: ಹಾಗಾದರೆ ಟೆಲಿಸ್ಕೋಪೇ.

ಕೆಂಪುಶಾಯಿ: ಕರ್ಟೇಲ್ ಆಗಿದ್ದು ನಿದ್ದೆ.