ಎಸ್.ಎಸ್. ಪುರಂ ಒಳರಸ್ತೆಗಳಲ್ಲಿ ಒಳ್ಳೆ ತಿಂಡಿ ಹುಡುಕೋದು ಹೇಗೆ?

ಕೆಳಮನೆ_ಬಾಡಿಗೆ
ತುಮಕೂರಿನ ಎಸ್.ಎಸ್. ಪುರಂ ಒಳಗಿನ ಒಂದು ಕ್ರಾಸಿನಲ್ಲಿ ಮನೆ. ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ, ಹಾಗಾಗಿ ನಡೆದು ಹೋಗಿ ತರುವಷ್ಟು ದೂರದಲ್ಲೇ ಸಿಗಬೇಕು. ಬಿ.ಎಚ್. ರಸ್ತೆಯ ದೊಡ್ಡ ಹೋಟೆಲುಗಳ ಹೆಸರು ಬೇಡ, ಅವು ಗೊತ್ತು. ಹಗಲು ಹೊತ್ತು ಓಡಾಡಿದರೆ ಈ ಕಡೆ ಮನೆಗಳು ಬಿಟ್ಟರೆ ಏನೂ ಕಾಣಲ್ಲ. ತಟ್ಟೆ ಇಡ್ಲಿ, ಮುದ್ದೆ ಊಟ, ಹಬ್ಬಕ್ಕೆ ಒಬ್ಬಟ್ಟು ಇವನ್ನೆಲ್ಲ ಹುಡುಕೋದು ಎಲ್ಲಿಂದ? ಒಳ್ಳೇದು ಯಾವುದು ಅಂತ ತಿನ್ನೋಕೆ ಮುಂಚೆಯೇ ತಿಳಿಯೋದು ಹೇಗೆ?

ಬೆಳಗಿನ_ಆರೂವರೆ
ಹಗಲು ಹೊತ್ತು ಓಡಾಡಿದ್ದೇ ತಪ್ಪು. ಮನೆಗಳ ನಡುವಿನ ತಿಂಡಿ ಗಾಡಿಗೆ ಬೋರ್ಡೂ ಇರಲ್ಲ, ಬಾಗಿಲೂ ಇರಲ್ಲ. ಬೆಳಿಗ್ಗೆ 6.30ಕ್ಕೆ ಬಂದು 10 ಗಂಟೆಯೊಳಗೆ ಪಾತ್ರೆ ತೊಳೆದು ಹೋಗಿರುತ್ತೆ. ಹನ್ನೊಂದಕ್ಕೆ ಅದೇ ಜಾಗ ನೋಡಿದರೆ ಖಾಲಿ ರಸ್ತೆ. ಹಾಲಿನ ಬೂತ್, ಪಾರ್ಕ್ ಗೇಟು, ದೇವಸ್ಥಾನದ ಪಕ್ಕ, ಈ ಮೂರು ಕಡೆ 7.30ರ ಹೊತ್ತಿಗೆ ಒಂದು ಸುತ್ತು ಹಾಕಿ. ವಾಕಿಂಗ್ ಮುಗಿಸಿದವರು ಟಿಫಿನ್ ಡಬ್ಬಿ ಹಿಡಿದು ನಿಂತಿರೋ ಗಾಡಿ ಯಾವುದು ನೋಡಿ. ಡಬ್ಬಿ ತಂದಿದ್ದಾರೆ ಅಂದರೆ ಮನೆಯಿಂದಲೇ ಅಲ್ಲಿಗೆ ಅಂತ ಹೊರಟು ಬಂದವರು, ದಾರಿಯಲ್ಲಿ ಸಿಕ್ಕಿತು ಅಂತ ನಿಂತವರಲ್ಲ.

8.30 ದಾಟಿದ ಮೇಲೆ ಚಿತ್ರಾನ್ನ, ಪಲಾವ್ ತಳಕ್ಕೆ ಬಂದಿರುತ್ತೆ. ಮೇಲಿಂದ ಮೇಲೆ ಮುಚ್ಚಳ ತೆಗೆದು ಅನ್ನ ಒಣಗಿರುತ್ತೆ, ಒಗ್ಗರಣೆ ಎಣ್ಣೆಯೆಲ್ಲ ಕೆಳಗೆ ಇಳಿದಿರುತ್ತೆ. ಆ ಹೊತ್ತಲ್ಲಿ ಹಬೆಯಿಂದ ಇಳಿಯೋದನ್ನೇ ಕೇಳಿ.

ಸಂಜೆ ಬಜ್ಜಿ ಗಾಡಿಗೆ 5.30ರಿಂದ 6ರೊಳಗೆ ಹೋಗೋದು ಒಳ್ಳೇದು. ಬಜ್ಜಿ ತೆಗೆದ ಮೇಲೂ ಎಣ್ಣೆ ಮೇಲಿನ ನೊರೆ ಇಳಿಯದಿದ್ದರೆ, ಅಥವಾ ಸುಮ್ಮನೆ ಕಾಯ್ತಿರುವಾಗಲೇ ಹೊಗೆ ಬರ್ತಿದ್ದರೆ, ಅದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಗೋಬಿ ಮಂಚೂರಿ ಕಣ್ಣಿಗೆ ಹೊಡೆಯೋ ಕೆಂಪಗಿದ್ದರೆ ಮುಟ್ಟಬೇಡಿ. ಅದಕ್ಕೆ ಕೃತಕ ಬಣ್ಣ ಹಾಕೋದನ್ನ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬೇಕರಿಗೆ ಬೇರೆ ಲೆಕ್ಕ: ಬನ್ನು, ದಿಲ್‌ಪಸಂದ್ ಒಲೆಯಿಂದ ಯಾವಾಗ ಈಚೆಗೆ ಬರುತ್ತೆ ಅಂತ ಒಂದು ಸಲ ಕೇಳಿಟ್ಟುಕೊಂಡರೆ ಸಾಕು.

ಹಬೆ_ತಟ್ಟೆ
ತಟ್ಟೆ ಇಡ್ಲಿ ಅಂದರೆ ಎಲ್ಲರೂ ಊರ ಪಕ್ಕದ ಕ್ಯಾತ್ಸಂದ್ರ ಅಂತಾರೆ. ಆ ಹೆಸರು ಸುಮ್ಮನೆ ಬಂದಿದ್ದಲ್ಲ, ಬಿಡುವಿದ್ದಾಗ ಹೋಗಿ ಬನ್ನಿ. ಆದರೆ ದಿನಾ ತಿನ್ನೋದಕ್ಕೆ ಬಡಾವಣೆಯ ಸಣ್ಣ ಕ್ಯಾಂಟೀನಿನಲ್ಲೂ ಒಳ್ಳೆಯದು ಸಿಗುತ್ತೆ.

ಮೊದಲು ನೋಡಬೇಕಾದ್ದು ಹಬೆ ಪಾತ್ರೆ. ಮುಚ್ಚಳ ತೆಗೆದಾಗ ತಟ್ಟೆ ಮೇಲೆ ಇರೋದು ಬಟ್ಟೆಯೋ ಪ್ಲಾಸ್ಟಿಕ್ ಹಾಳೆಯೋ ನೋಡಿ. ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಹಾಳೆ ಹಾಕೋದನ್ನ 2025ರ ಫೆಬ್ರವರಿ ಕೊನೆಯಲ್ಲಿ ಆರೋಗ್ಯ ಇಲಾಖೆ ನಿಷೇಧಿಸಿತು. ಪಾತ್ರೆ ಕಾಣದಿದ್ದರೆ ಇಡ್ಲಿ ನೋಡಿಯೇ ಗುರುತು ಹಿಡಿಯಬಹುದು: ಹಾಳೆಯಲ್ಲಿ ಬೆಂದ ಇಡ್ಲಿಯ ತಳ ಕನ್ನಡಿ ಹಾಗೆ ನುಣ್ಣಗೆ, ಅಂಟಂಟಾಗಿ ಇರುತ್ತೆ. ಬಟ್ಟೆಯದಾದರೆ ನೇಯ್ಗೆಯ ಗೆರೆ ತಳದಲ್ಲಿ ಮೂಡಿರುತ್ತೆ.

ಆಮೇಲೆ ಬೆರಳಲ್ಲಿ ನಡುವೆ ಒತ್ತಿ. ಒತ್ತಿದ್ದು ಮೇಲೆದ್ದು ಬರಬೇಕು. ಹಳದಿ ಛಾಯೆ ಇದ್ದು ಸೋಪಿನ ವಾಸನೆ ಬಂದರೆ ಸೋಡ ಜಾಸ್ತಿ, ಅಂದರೆ ಹಿಟ್ಟು ಹುದುಗೋಕೆ ಹೊತ್ತು ಕೊಟ್ಟಿಲ್ಲ. ಚಟ್ನಿ ನಮ್ಮ ಜಿಲ್ಲೆಯಲ್ಲಿ ಕೆಡೋಕೆ ಕಾರಣವೇ ಇಲ್ಲ, ಇಷ್ಟು ತೆಂಗು ಬೆಳೆಯೋ ಕಡೆ ಬರೀ ಹುರಿಗಡಲೆ ಹಿಟ್ಟು ತಿನ್ನಿಸೋದು ಅನ್ಯಾಯ. ತಟ್ಟೆಯಲ್ಲಿ ಎರಡು ನಿಮಿಷ ಬಿಡಿ. ನೀರು ಒಂದು ಕಡೆ, ಗಸಿ ಒಂದು ಕಡೆ ಆದರೆ ಮೇಲಿಂದ ನೀರು ಬೆರೆಸಿದ್ದಾರೆ.

ಪಾರ್ಸೆಲ್ ತರುವಾಗ ಸ್ಟೀಲ್ ಡಬ್ಬಿ ಒಯ್ಯಿರಿ. ತಳಕ್ಕೂ ಇಡ್ಲಿಗಳ ನಡುವೆಯೂ ಬಾಳೆ ಎಲೆ ತುಂಡು ಹಾಕಿ. ತಕ್ಷಣ ಬಿಗಿಯಾಗಿ ಮುಚ್ಚಿದರೆ ಹಬೆ ನೀರಾಗಿ ಇಡ್ಲಿ ಮೇಲೇ ತೊಟ್ಟಿಕ್ಕಿ ಅಂಟಾಗುತ್ತೆ, ಐದು ನಿಮಿಷ ಮುಚ್ಚಳ ವಾರೆ ಮಾಡಿಡಿ. ವಯಸ್ಸಾದವರಿಗೆ ಒಂದು ಇಡ್ಲಿ ಸಾಕು.

ಒಬ್ಬಟ್ಟಿನ_ಕಟ್ಟು
ಮನೆಯಲ್ಲೇ ಮಾಡಿ ಮಾರೋರನ್ನ ಹುಡುಕೋಕೆ ಹಿಟ್ಟಿನ ಗಿರಣಿಗೆ ಹೋಗಿ ಕೇಳಿ. ವಾರ ವಾರ ಐದೈದು ಕೆ.ಜಿ. ಚಕ್ಕುಲಿ ಹಿಟ್ಟು ಬೀಸಿಸೋರು ಬರೀ ಮನೆ ಮಂದಿಗೆ ಮಾಡಲ್ಲ. ಗಿರಣಿಯವರಿಗೆ ಅವರ ಮನೆ ಗೊತ್ತಿರುತ್ತೆ. ಕಾಂಡಿಮೆಂಟ್ಸ್ ಅಂಗಡಿಯಲ್ಲೂ ಕೇಳಬಹುದು. ಪೊಟ್ಟಣ ಕಟ್ಟಿ ಮಾರೋದಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ತಯಾರಿಸಿದ ದಿನ ಎರಡೂ ಇರಬೇಕು, ನೋಡಿಕೊಳ್ಳಿ.

ಒಬ್ಬಟ್ಟಿಗೆ ಯುಗಾದಿ, ಗೌರಿ ಹಬ್ಬದಲ್ಲಿ ಕಡೇಪಕ್ಷ ನಾಲ್ಕು ದಿನ ಮುಂಚೆ ಹೇಳಿ. ಎಷ್ಟು ಅನ್ನೋದರ ಜೊತೆಗೆ ಬೇಳೆಯದೋ ಕಾಯಿಯದೋ, ತುಪ್ಪದಲ್ಲೋ ಎಣ್ಣೆಯಲ್ಲೋ ಅನ್ನೋದನ್ನೂ ಆಗಲೇ ಹೇಳಬೇಕು. ಇನ್ನೊಂದು, ಬೇಳೆ ಬಸಿದ ಕಟ್ಟನ್ನ ಕೇಳಿ ತನ್ನಿ. ಎಷ್ಟೋ ಜನ ಅದನ್ನ ಕೇಳೋದೇ ಇಲ್ಲ. ಒಂದು ಲೀಟರ್ ಕಟ್ಟು, ಎರಡು ಚಮಚ ಹೂರಣ, ಹುಣಸೆ, ಸಾರಿನ ಪುಡಿ ಇದ್ದರೆ ನಾಲ್ಕು ಜನಕ್ಕೆ ಒಬ್ಬಟ್ಟಿನ ಸಾರು ಆಗುತ್ತೆ. ಕಟ್ಟು ಬೇಗ ಹಳಸುತ್ತೆ, ತಂದ ತಕ್ಷಣ ಕುದಿಸಿ. ಬೇಳೆ ಒಬ್ಬಟ್ಟು ಬಿಸಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಹೊರಗಿಟ್ಟರೆ ಮಾರನೇ ದಿನಕ್ಕೆ ಮುಗಿಸಿ. ಬಿಸಿ ಇರುವಾಗಲೇ ಪೇರಿಸಿದರೆ ಬೆವತು ಹೂರಣ ಹುಳಿಯಾಗುತ್ತೆ.

ಕೆಳಮನೆ_ಬಾಡಿಗೆ
ಗಿರಣಿ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಹಬೆ_ತಟ್ಟೆಯವರೇ, ಅಮ್ಮನಿಗೆ ಮನೆಯಲ್ಲೇ ತಟ್ಟೆ ಇಡ್ಲಿ ಮಾಡೋ ಆಸೆ. ಅಂಚು ಬೇಯುತ್ತೆ, ನಡುವೆ ಹಸಿ ಹಿಟ್ಟು ಉಳಿಯುತ್ತೆ. ಅಳತೆ ತಪ್ಪೋ, ಬೇಯಿಸೋದು ತಪ್ಪೋ?

ಹಬೆ_ತಟ್ಟೆ
ಬಹುಪಾಲು ಬೇಯಿಸೋದೇ ತಪ್ಪಿರುತ್ತೆ. ಆದರೂ ಅಳತೆ ಹೇಳ್ತೀನಿ: ಇಡ್ಲಿ ಅಕ್ಕಿ ನಾಲ್ಕು ಲೋಟ, ಉದ್ದಿನಬೇಳೆ ಒಂದು, ಅವಲಕ್ಕಿ ಒಂದು, ಸಬ್ಬಕ್ಕಿ ಅರ್ಧ. ಅಕ್ಕಿ, ಉದ್ದು, ಸಬ್ಬಕ್ಕಿ ಬೇರೆ ಬೇರೆ ಐದು ಗಂಟೆ ನೆನೆಯಲಿ. ಅವಲಕ್ಕಿಗೆ ರುಬ್ಬೋ ಮುಂಚೆ ಕಾಲು ಗಂಟೆ ಸಾಕು. ಉದ್ದನ್ನ ಒಂದು ಹನಿ ನೀರಿಗೆ ಬಿಟ್ಟರೆ ತೇಲೋ ತನಕ ರುಬ್ಬಿ, ಅಕ್ಕಿಯನ್ನ ಸಣ್ಣ ರವೆಯ ಹಾಗೆ ತರಿಯಾಗಿ. ಬೇಸಿಗೆಯಲ್ಲಿ 8 ಗಂಟೆಗೆ ಹುದುಗುತ್ತೆ. ಡಿಸೆಂಬರ್-ಜನವರಿಯಲ್ಲಿ 12ರಿಂದ 14 ಗಂಟೆ ಬೇಕು. ಆಗ ಸೋಡ ಹೆಚ್ಚು ಮಾಡಬೇಡಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಳಗಡೆ ಇಡಿ.

ಈಗ ಹಬೆ. ನೀರು ಕುದಿ ಬಂದ ಮೇಲೆಯೇ ತಟ್ಟೆ ಇಳಿಸಬೇಕು. ತಣ್ಣೀರಲ್ಲಿ ಇಟ್ಟು ಉರಿ ಹಚ್ಚಿದರೆ ಉಬ್ಬೋ ಮುಂಚೆಯೇ ಹಿಟ್ಟು ಕೆಳಗೆ ಕೂರುತ್ತೆ. ತಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಿಟ್ಟು ಬೇಡ. ಸ್ಟ್ಯಾಂಡಿನಲ್ಲಿ ಎರಡು ತಟ್ಟೆ ನಡುವೆ ಎರಡು ಬೆರಳು ಜಾಗ ಇರಲಿ, ಪಾತ್ರೆಯ ಗೋಡೆಗೂ ತಟ್ಟೆ ತಾಗಬಾರದು. ಗೋಡೆಗೆ ತಾಗಿದರೆ ಹಬೆ ಮೇಲಕ್ಕೆ ಹೋಗೋ ದಾರಿ ಮುಚ್ಚುತ್ತೆ, ನಡುವೆ ಹಸಿ ಉಳಿಯೋದು ಹೆಚ್ಚಾಗಿ ಇದರಿಂದಲೇ. ಜೋರು ಉರಿಯಲ್ಲಿ 15 ನಿಮಿಷ, 12 ಆಗೋವರೆಗೆ ಮುಚ್ಚಳ ತೆಗೆಯಬೇಡಿ. ಕಡ್ಡಿ ಚುಚ್ಚಿದರೆ ಒಣದಾಗಿ ಬರಬೇಕು. ಇಳಿಸಿ ನಾಲ್ಕು ನಿಮಿಷ ಬಿಟ್ಟು ಎಬ್ಬಿಸಿ. ಬಟ್ಟೆಯನ್ನ ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಹಾಸಿದರೆ ಅಂಟಲ್ಲ.

ಸೊಗಡು_ಅವರೆ
ಮುದ್ದೆ ಊಟದ ಬಗ್ಗೆ ಯಾರೂ ಹೇಳಲಿಲ್ಲ. ಎಸ್.ಐ.ಟಿ. (ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು), ಅಶೋಕನಗರದ ಕಡೆ ಹುಡುಗರಿಗಾಗಿ ಇರೋ ಮೆಸ್‌ಗಳಲ್ಲಿ ವಿಚಾರಿಸಿ, ಮನೆ ಊಟದ ಹಾಗೆ ಮಾಡೋರು ಸಿಗ್ತಾರೆ. ಕಾಲೇಜು ರಜೆಯಲ್ಲಿ ಕೆಲವು ಮುಚ್ಚಿರುತ್ತವೆ. ಮಧ್ಯಾಹ್ನ 12.45ರಿಂದ 1.30ರೊಳಗೆ ಹೋಗಿ. ಹಾಟ್‌ಬಾಕ್ಸಿನಲ್ಲಿ ಕೂತ ಮುದ್ದೆಗೆ ಮೇಲೆ ಚರ್ಮ ಕಟ್ಟುತ್ತೆ. ಒದ್ದೆ ಬೆರಳಿಗೆ ಅಂಟಿದರೆ, ಹಸಿ ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಮುರಿದಾಗ ಒಳಗೆ ಬಿಳೀ ಚುಕ್ಕೆ ಕಂಡರೆ ಗಂಟು ಉಳಿದಿದೆ.

ಬಸ್ಸಾರು ಮಾಡೋ ದಿನ ಯಾವುದು ಅಂತ ಕೇಳಿಟ್ಟುಕೊಳ್ಳಿ. ಸೊಪ್ಪು, ಕಾಳು ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ದೇ ಬಸ್ಸಾರು, ಹಾಗಾಗಿ ಜೊತೆಗೆ ಅದೇ ಸೊಪ್ಪಿನ ಪಲ್ಯ ಬರಲೇಬೇಕು. ಪಲ್ಯ ಇಲ್ಲದ ಬಸ್ಸಾರು ಬರೀ ತಿಳಿ ಸಾರು.

ಡಿಸೆಂಬರ್‌ನಿಂದ ಜನವರಿ ಕೊನೆವರೆಗೆ ಮಾತ್ರ ಹೋಟೆಲ್ ಮರೆತು ಅವರೆಕಾಯಿ ತನ್ನಿ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಇಬ್ಬನಿ ಬಿದ್ದ ಕಾಯಿ ಸಿಗುತ್ತೆ, ಕೈಗೆ ಎಣ್ಣೆಯಂತೆ ಅಂಟಿ ಘಮ್ಮನ್ನಬೇಕು. ಅದೇ ಸೊಗಡು. ಹಿತುಕಿದ ಬೇಳೆ ರೆಡಿ ಇರೋದು ಕೊಂಡರೆ ಅವತ್ತೇ ಸಾರು ಮಾಡಿ. ನೀರಲ್ಲಿ ಕೂತಷ್ಟೂ ಸೊಗಡು ಹೋಗಿ ಹುಳಿ ವಾಸನೆ ಬರುತ್ತೆ. ಅಪ್ಪ-ಅಮ್ಮನಿಗೆ ಗ್ಯಾಸ್ ತೊಂದರೆ ಇದ್ದರೆ ಸಾರಿಗೆ ಬೆಳ್ಳುಳ್ಳಿ, ಶುಂಠಿ ಸ್ವಲ್ಪ ಮುಂದಾಗಿರಲಿ, ರಾತ್ರಿ ಬೇಡ, ಮಧ್ಯಾಹ್ನಕ್ಕೇ ಮಾಡಿ.