ಬ್ಯಾಂಕುಗಳ ಮೇಲ್ವಿಚಾರಣೆ: ಯಾವ ದೇಶದ ಪದ್ಧತಿ ಗಟ್ಟಿ?

ಶೈಲಜಾ:
ನನ್ನ ಮತ ಆಸ್ಟ್ರೇಲಿಯಾಗೆ. ಅಲ್ಲಿ 1998ರಿಂದ ಕೆಲಸ ಹಂಚಿಹೋಗಿದೆ. ಬ್ಯಾಂಕು ಮುಳುಗದಂತೆ ನೋಡಿಕೊಳ್ಳೋದು ಎಪಿಆರ್‌ಎ, ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳೋದು ಎಎಸ್‌ಐಸಿ. ಬ್ರಿಟನ್ ಎರಡೂ ಹೊಣೆಯನ್ನು ಎಫ್‌ಎಸ್‌ಎ ಅನ್ನೋ ಒಂದೇ ಸಂಸ್ಥೆಗೆ ಕೊಟ್ಟಿತ್ತು. 2007ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ರಾಕ್ ಶಾಖೆಗಳ ಮುಂದೆ ಠೇವಣಿದಾರರು ಸಾಲುಗಟ್ಟಿದರು. 2013ರಲ್ಲಿ ಬ್ರಿಟನ್ ಕೂಡ ಎರಡು ಸಂಸ್ಥೆಗಳ ದಾರಿಗೇ ಬಂತು.

ಗಿರೀಶ್:
ಮೇಡಂ, ನಾರ್ದರ್ನ್ ರಾಕ್ ಕುಸಿದದ್ದು ಸಂಸ್ಥೆ ಒಂದೇ ಇತ್ತು ಅಂತಲ್ಲ. ಅದು ಗೃಹಸಾಲಕ್ಕೆ ಬೇಕಾದ ಹಣವನ್ನು ಬಹುಪಾಲು ಠೇವಣಿಯಿಂದಲ್ಲ, ಹಣದ ಮಾರುಕಟ್ಟೆಯಿಂದ ತರ್ತಿತ್ತು. ಮಾರುಕಟ್ಟೆ ಬತ್ತಿದ ದಿನ ಬ್ಯಾಂಕೂ ನಿಂತಿತು. ಎಫ್‌ಎಸ್‌ಎಗೆ ಅದನ್ನು ಪ್ರಶ್ನಿಸುವ ಅಧಿಕಾರ ಇತ್ತು, ಪ್ರಶ್ನಿಸಲಿಲ್ಲ. ತಮ್ಮ ಮೇಲ್ವಿಚಾರಣೆ ಸಾಲದಾಗಿತ್ತು ಅಂತ 2008ರಲ್ಲಿ ಅವರ ಆಂತರಿಕ ತನಿಖೆಯೇ ಹೇಳಿತು. ಇನ್ನು ಎರಡು ಸಂಸ್ಥೆ ಇದ್ದ ಆಸ್ಟ್ರೇಲಿಯಾದಲ್ಲಿ ಬ್ಯಾಂಕುಗಳು ಸತ್ತುಹೋದ ಗ್ರಾಹಕರಿಂದಲೂ ಶುಲ್ಕ ವಸೂಲಿ ಮಾಡಿದ್ದು 2018ರಲ್ಲಿ ರಾಯಲ್ ಕಮಿಷನ್ ಅನ್ನೋ ಸರ್ಕಾರಿ ತನಿಖಾ ಆಯೋಗದ ವಿಚಾರಣೆಯಲ್ಲಿ ಹೊರಬಿತ್ತಲ್ಲ?

ಇಕ್ಬಾಲ್:
ಗಿರೀಶ್ ಹೇಳಿದ್ದಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕನ್ನೂ ಸೇರಿಸಿ. 2023ರ ಮಾರ್ಚ್ 10ರಂದು ಅದು ಮುಚ್ಚಿದಾಗ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನವರು (ಫೆಡ್) ಎತ್ತಿದ್ದ 31 ಲೋಪಗಳು ಇನ್ನೂ ಸರಿಯಾಗದೆ ಉಳಿದಿದ್ದವು. ಅಂದರೆ ತಪಾಸಣೆ ಮಾಡಿದವರಿಗೆ ಕಾಯಿಲೆ ಗೊತ್ತಿತ್ತು. ನೋಟಿಸ್ ಕೊಟ್ಟರು, ಗಡುವು ಕೊಟ್ಟರು, ಬಿಗಿ ಮಾತ್ರ ಮಾಡಲಿಲ್ಲ. ಫೆಡ್ ಏಪ್ರಿಲ್‌ನಲ್ಲಿ ಹೊರಡಿಸಿದ ವರದಿಯೇ ಇದನ್ನು ಒಪ್ಪಿಕೊಂಡಿದೆ.

ಶೈಲಜಾ:
ಹಾಗಂತ ಕಾನೂನಿನ ಪಾತ್ರವೇ ಇಲ್ಲ ಅನ್ನಬೇಡಿ ಇಕ್ಬಾಲ್ ಅವರೇ. ಕಠಿಣ ನಿಯಮಗಳು ತಾನಾಗಿ ಅನ್ವಯವಾಗುವ ಮಿತಿ 5,000 ಕೋಟಿ ಡಾಲರ್ ಆಸ್ತಿ ಅಂತಿತ್ತು. 2018ರಲ್ಲಿ ಸಂಸತ್ತು ಅದನ್ನು 25,000 ಕೋಟಿಗೆ ಏರಿಸಿತು. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಆಸ್ತಿ ಸುಮಾರು 20,900 ಕೋಟಿ. ನಿಯಮ ಸಡಿಲ ಆದಾಗ ತಪಾಸಕರ ದನಿಯೂ ತಗ್ಗುತ್ತೆ.

ವಸಂತಾ:
ಸ್ಪೇನ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನನಗೆ ಈ ಇಡೀ ಚರ್ಚೆಯ ತಿರುಳು ಅಲ್ಲೇ ಇದೆ ಅನ್ಸುತ್ತೆ. ಒಳ್ಳೆ ಕಾಲದಲ್ಲೇ ಮುಂದಿನ ಕೆಟ್ಟ ಸಾಲಗಳಿಗೆ ಹಣ ತೆಗೆದಿಡಬೇಕು ಅನ್ನೋ ನಿಯಮವನ್ನು ಸ್ಪೇನ್ 2000ದಲ್ಲೇ ತಂದಿತು. ಅದನ್ನು ಬೇರೆ ದೇಶಗಳು ಮಾದರಿ ಅಂತ ಓದಿದವು. ಆದರೆ ಅಲ್ಲಿನ ಕಾಹಾ ಅನ್ನೋ ಉಳಿತಾಯ ಬ್ಯಾಂಕುಗಳ ಆಡಳಿತ ಮಂಡಳಿಗಳಲ್ಲಿ ಪ್ರಾಂತ್ಯದ ರಾಜಕಾರಣಿಗಳು ತುಂಬಿದ್ದರು. ಮನೆ ಕಟ್ಟುವವರಿಗೆ ಬೇಕಾದಂತೆ ಸಾಲ ಹರಿಯಿತು. 2006ರಲ್ಲಿ ಕೇಂದ್ರ ಬ್ಯಾಂಕಿನ ತಪಾಸಕರ ಸಂಘವೇ ಹಣಕಾಸು ಮಂತ್ರಿಗೆ ಪತ್ರ ಬರೆದು, ಗವರ್ನರ್ ಅಪಾಯವನ್ನು ಹಗುರವಾಗಿ ತಗೊಂಡಿದ್ದಾರೆ ಅಂತ ಎಚ್ಚರಿಸಿತ್ತು. ಕೇಳುವವರಿರಲಿಲ್ಲ. 2012ರಲ್ಲಿ ಬ್ಯಾಂಕುಗಳನ್ನು ಉಳಿಸೋಕೆ ಯೂರೋಪಿನಿಂದ ಸುಮಾರು 4,100 ಕೋಟಿ ಯೂರೊ ಸಾಲ ತರಬೇಕಾಯ್ತು. ನಿಯಮ ಚೆನ್ನಾಗಿತ್ತು, ತಪಾಸಕರೂ ಪ್ರಾಮಾಣಿಕರೇ. ಮೇಲೆ ಕೂತವರು ಕದಲಲಿಲ್ಲ, ಅಷ್ಟೇ.

ಗಿರೀಶ್:
ಅದಕ್ಕೇ ನಾನು ತಪಾಸಕರನ್ನು ನಂಬಿ ಕೂರೋದು ಬೇಡ ಅನ್ನೋದು. ಬಾರ್ತ್, ಕಾಪ್ರಿಯೊ, ಲೆವಿನ್ ಅನ್ನೋ ಅರ್ಥಶಾಸ್ತ್ರಜ್ಞರು ವಿಶ್ವಬ್ಯಾಂಕ್ ಸಮೀಕ್ಷೆಯಲ್ಲಿ ನೂರಕ್ಕೂ ಹೆಚ್ಚು ದೇಶಗಳ ನಿಯಮಗಳನ್ನು ಹೋಲಿಸಿದರು. ನಿಯಂತ್ರಕರ ಅಧಿಕಾರ ಹೆಚ್ಚಿದಷ್ಟೂ ಬ್ಯಾಂಕು ಭದ್ರ ಅನ್ನೋದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಲೆಕ್ಕಪತ್ರ ಬಹಿರಂಗಪಡಿಸಿ ಹೂಡಿಕೆದಾರರೇ ಕಣ್ಣಿಡುವಂತೆ ಮಾಡೋದು ಹೆಚ್ಚು ಫಲ ಕೊಟ್ಟಂತೆ ಕಂಡಿತು. ನ್ಯೂಜಿಲೆಂಡ್ 1996ರಲ್ಲಿ ಆ ದಾರಿ ಹಿಡಿಯಿತು, ನಿರ್ದೇಶಕರೇ ಸಹಿ ಹಾಕಿ ಹೊಣೆ ಹೊರಬೇಕು.

ಇಕ್ಬಾಲ್:
ಇಲ್ಲಿ ನಾನು ನಿಮ್ಮ ಜೊತೆ ಇಲ್ಲ. ನ್ಯೂಜಿಲೆಂಡ್‌ನ ದೊಡ್ಡ ಬ್ಯಾಂಕುಗಳ ಒಡೆತನ ಆಸ್ಟ್ರೇಲಿಯಾದ್ದು, ಹಾಗಾಗಿ ಎಪಿಆರ್‌ಎ ಕಣ್ಣೂ ಅವುಗಳ ಮೇಲಿದೆ. 2025ರ ಜುಲೈನಿಂದ ನ್ಯೂಜಿಲೆಂಡ್‌ನವರೂ ಠೇವಣಿ ವಿಮೆ ತಂದಿದ್ದಾರೆ. ಸಿಲಿಕಾನ್ ವ್ಯಾಲಿ ಬ್ಯಾಂಕು ತನ್ನ ಬಾಂಡುಗಳ ಮೌಲ್ಯ ಸುಮಾರು 1,500 ಕೋಟಿ ಡಾಲರ್ ಕುಸಿದಿದೆ ಅಂತ ಲೆಕ್ಕಪತ್ರದಲ್ಲಿ ತಾನೇ ತೋರಿಸಿತ್ತು. ಯಾರು ಬೇಕಾದರೂ ಓದಬಹುದಿತ್ತು. ಜನ ಎಚ್ಚೆತ್ತಾಗ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ವಾಪಸ್ ಕೇಳಿದರು. ಅದು ಕಣ್ಣಿಡೋದಲ್ಲ, ಓಡಿಹೋಗೋದು.

ವಸಂತಾ:
ಸ್ವಿಟ್ಜರ್ಲೆಂಡ್‌ನ ನಿಯಂತ್ರಕ ಫಿನ್ಮಾಗೆ ಬ್ಯಾಂಕಿಗೆ ದಂಡ ಹಾಕುವ ಅಧಿಕಾರವೇ ಇರಲಿಲ್ಲ. ಕ್ರೆಡಿಟ್ ಸ್ವಿಸ್ ವಿಷಯದಲ್ಲಿ ವರ್ಷಗಟ್ಟಲೆ ಎಚ್ಚರಿಕೆ ಕೊಟ್ಟರೂ ಬ್ಯಾಂಕು ಸರಿಹೋಗಲಿಲ್ಲ. ಆದ್ದರಿಂದ ಅಧಿಕಾರ ಲೆಕ್ಕಕ್ಕಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. ದೇಶಗಳನ್ನು ಹೋಲಿಸೋದಾದರೆ ಲೋಪ ಕಂಡ ದಿನದಿಂದ ಆದೇಶ ಹೊರಡುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತೆ ಅನ್ನೋದನ್ನ ಹೋಲಿಸಿ.

ಶೈಲಜಾ:
ಆ ಲೆಕ್ಕ ಹೊರಗಿನವರಿಗೆ ಸಿಗೋದು ಹೇಗೆ? ತಪಾಸಣಾ ಪತ್ರಗಳು ಗುಟ್ಟು. ಬಹಿರಂಗ ಮಾಡಿದರೆ ಠೇವಣಿದಾರರು ಹೆದರ್ತಾರೆ ಅಂತಾರೆ.

ವಸಂತಾ:
ಡೆನ್ಮಾರ್ಕ್ ನೋಡಿ. ಅಲ್ಲಿ ತಪಾಸಣೆಯ ಸಾರಾಂಶ ಪ್ರಕಟವಾಗುತ್ತೆ, ಬ್ಯಾಂಕು ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ಉಳಿದ ದೇಶಗಳು ಎರಡು ವರ್ಷ ತಡವಾಗಿಯಾದರೂ ಹಾಗೆ ಮಾಡಲಿ, ಆಗ ನಮ್ಮ ಕೈಗೆ ಹೋಲಿಸೋಕೆ ಏನಾದರೂ ಸಿಗುತ್ತೆ.