ಅಪ್ಪನ ನೆನಪಿಗೆ ಹೊಲದಾಗ ಗಿಡ, ಕೂಡಾಕ ಕಲ್ಲು: ಹೆಂಗ ಮಾಡಸೂದು?

ಎರಿಹೊಲ_ಮುಂಡರಗಿ:
ಅಪ್ಪ ತೀರಿಕೊಂಡು ಬರೋ ಮಿರಗದ ಮಳಿಗೆ ವರ್ಷ ತುಂಬತೈತಿ. ದಿನಾ ಹೊಲದಾಗ ದುಡಿಯೋದು, ಬಿಡುವಾದ್ರ ಬುತ್ತಿ ಕಟ್ಟಿಸಿ ಮನಿಮಂದಿನ್ನೆಲ್ಲ ಕರಕೊಂಡು ಕಪ್ಪತಗುಡ್ಡ ಹತ್ತೋದು, ಇಷ್ಟ ಅವರ ಬದುಕು. ಎರಡು ವಿಚಾರ ಅದಾವ. ಒಂದು, ಹೊಲದ ಒಡ್ಡಿನ ಮ್ಯಾಲೆ ಗಿಡ ಹಚ್ಚಿ, ಬಾಜೂಕ ನಾಕು ಮಂದಿ ಕೂಡೋಹಂಗ ಒಂದು ಕಲ್ಲು. ಎರಡು, ಗುಡ್ಡದ ದಾರಿಯಾಗ ಅವರ ಹೆಸರಿನ ಕಲ್ಲು. ಹೊಲ ಪೂರಾ ಎರಿ, ಅಂದ್ರ ಕಪ್ಪು ಮಣ್ಣು. ಯಾವ ಗಿಡ, ಎಷ್ಟು ತಗ್ಗು, ಕಲ್ಲಿನ ಮ್ಯಾಲೆ ಏನು ಬರಸಬೇಕು? ತಿಳದವರು ಹೇಳ್ರಿ.

ಬನ್ನಿಗಿಡ:
ಗುಡ್ಡದ ಕಲ್ಲು ಬಿಟ್ಟಬಿಡ್ರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಕಲ್ಲು ನೆಡೋದಿರಲಿ, ಪರವಾನಗಿ ಇಲ್ಲದ ಸಸಿ ಹಚ್ಚಾಕೂ ಬರೂದಿಲ್ಲ.

ಎರಿ ಹೊಲಕ್ಕ ಬೇವು ಇಲ್ಲಾ ಬನ್ನಿ. ಹುಣಸಿ ಚಲೋ ಬರತೈತಿ, ಆದ್ರ ಅದರ ಬುಡಕ ಬೆಳಿ ಏಳೂದಿಲ್ಲ. ನೀರು ನಿಲ್ಲೋ ತಗ್ಗು ಇದ್ರ ನೇರಳಿ ಹಚ್ರಿ. ಅರಳಿ ಬ್ಯಾಡ, ಕೂಡೋ ಕಲ್ಲಿನ ಪಾಯಾಕ್ಕ ಅದರ ಬೇರು ಹೊಕ್ಕರ ತಗಿಯಾಕ ಆಗೂದಿಲ್ಲ. ಬನ್ನಿ ಭಾಳ ಸಾವಕಾಶ ಬೆಳಿತೈತಿ, ಆದ್ರ ಬುಡದಾಗ ಜ್ವಾಳಾನೂ ಬರತಾವ. ಗಡಿ ಒಡ್ಡಾಗಿದ್ರ ಬಾಜೂ ಹೊಲದವರನ್ನ ಮೊದಲ ಕೇಳ್ರಿ, ನೆರಳಿನ ಸಲುವಾಗಿ ಜಗಳ ಹುಟ್ಟತಾವ.

ತಗ್ಗು ಈಗ ಬ್ಯಾಸಗಿಯಾಗ ತೋಡಿಸಿ ಬಿಸಲಿಗೆ ಬಿಡ್ರಿ: ಎರಡೂವರಿ ಫೂಟು ಉದ್ದ, ಅಗಲ, ಆಳ. ಸಲಿಕಿ ತಾಗಿ ನುಣ್ಣಗಾದ ಗ್ವಾಡಿಯೊಳಗ ಬೇರು ಹೊಗೂದಿಲ್ಲ, ಹಾರಿಯಿಂದ ಕೆದರ್ರಿ. ತುಂಬುವಾಗ ಎರಡು ಪಾಲು ಅದೇ ಮಣ್ಣು, ಒಂದು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಪೂರಾ ಕೊಳೆತ ತಿಪ್ಪಿಗೊಬ್ಬರ, ಮ್ಯಾಲೆ ಅರ್ಧ ಕಿಲೋ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದ್ರ ವರಲಿ (ಗೆದ್ದಲು) ಬರತಾವ. ಎರಡು ಹದ ಮಳಿ ಆದ ಮ್ಯಾಲೆ ಹಚ್ರಿ. ಸಸಿಯ ಬುಡ ನೆಲಕ್ಕಿಂತ ಮೂರು ಇಂಚು ಎತ್ತರ ಇರಲಿ. ಎರಿ ತಗ್ಗಿನಾಗ ನಿಂತ ನೀರು ಇಂಗೂದಿಲ್ಲ, ಬುಡ ಕೊಳಿತೈತಿ.

ಭಾಳ ಸಸಿ ಸಾಯೋದು ಮಳಿಗಾಲದಾಗಲ್ಲ, ಮುಂದಿನ ಮಾರ್ಚ್ ಏಪ್ರಿಲ್‌ದಾಗ. ನೆಲ ಬಿರದು ಎಳಿ ಬೇರು ಹರೀತಾವ, ಒಳಗ ಗಾಳಿ ಹೊಕ್ಕು ಒಣಗತಾವ. ಸಂಕ್ರಾಂತಿಯಿಂದ ಬುಡದ ಸುತ್ತ ಮೂರು ಫೂಟು ಮಣ್ಣು ಸಡಲ ಮಾಡಿ, ಬಿರುಕಿನಾಗ ಪುಡಿ ಮಣ್ಣು ತುಂಬಿ, ಎಂಟು ದಿನಕ್ಕೊಮ್ಮಿ ಒಂದು ಕೊಡ ನೀರು ಹಾಕ್ರಿ. ಎರಡು ಬ್ಯಾಸಗಿ ದಾಟಿದ್ರ ಚಿಂತಿ ಕಡಿಮಿ.

ಗೌಂಡಿಕೆಲಸ:
ಗಿಡದ ಸುತ್ತ ಕಟ್ಟಿ ಕಟ್ಟಿಸಾಕ ಹೋಗಬ್ಯಾಡ್ರಿ. ಸಸಿಯಿಂದ ಎಂಟು ಫೂಟು ಬಿಟ್ಟು, ಮಧ್ಯಾಹ್ನ ಮ್ಯಾಲೆ ನೆರಳು ಬೀಳೋ ಮೂಡಣ ಬಾಜೂಕ ಕಲ್ಲು ಕೂಡ್ರಸ್ರಿ.

ಎರಿ ಮಣ್ಣು ಮಳಿಗೆ ಉಬ್ಬತೈತಿ, ಬಿಸಲಿಗೆ ಕುಗ್ಗತೈತಿ. ಸಿಮೆಂಟಿನ ಗಟ್ಟಿ ಕಟ್ಟಡ ಒಂದ ವರ್ಷದಾಗ ಸೀಳ್ತೈತಿ. ಎರಡು ಕಾಲಿನ ಕಲ್ಲಿನ ಜಾಗಾದಾಗ ಮೂರು ಫೂಟು ಆಳ ಎರಿ ತಗದು ಒಗೀರಿ, ಕಾಲಿಗಿಂತ ಸುತ್ತ ಒಂದು ಫೂಟು ಅಗಲ. ಗರಸು (ಹಳ್ಳು ಕೂಡಿದ ಮಣ್ಣು) ಆರಾರು ಇಂಚು ಹಾಕಿ, ನೀರು ಹೊಡದು, ದಿಮ್ಮಸಿನಿಂದ ಕುಟ್ಟಿ ಮ್ಯಾಲೆ ಬರ್ರಿ. ಉಸುಕು ತುಂಬಿದ್ರ ಅದರಾಗ ನೀರು ಇಳದು ಸುತ್ತಲಿನ ಎರಿಯನ್ನ ಉಬ್ಬಸತೈತಿ.

ಮ್ಯಾಲಿನ ಹಾಸು ಐದು ಫೂಟು ಉದ್ದ, ಹದಿನೈದು ಇಂಚು ಅಗಲ, ಮೂರು ಇಂಚು ದಪ್ಪ. ಗ್ರಾನೈಟ್ ಆದ್ರ ಸುಮಾರು 115 ಕಿಲೋ, ಎತ್ತಾಕ ನಾಕು ಆಳು ಬೇಕು. ಐದು ಫೂಟಿಗೆ ಮೂರ ಮಂದಿ, ನಾಕು ಮಂದಿ ಅಂದ್ರ ಎರಡು ಹಾಸು ಮಾಡಸ್ರಿ. ಕಾಲುಗಳು ತುದಿಯಿಂದ ಒಂದೊಂದು ಫೂಟು ಒಳಗ. ಕೂಡೋ ಎತ್ತರ ಹದಿನೇಳು ಇಂಚು. ಹಾಸಿಗೆ ಸಿಮೆಂಟ್ ಹಾಕಬ್ಯಾಡ್ರಿ, ಹಂಗ ಇಡ್ರಿ. ವಾಲಿದ್ರ ಎತ್ತಿ ಸಾಪಾಟ ಮಾಡಾಕ ಬರತೈತಿ. ಕರಿ ಪಾಲಿಶ್ ಕಲ್ಲು ಮಾತ್ರ ಬ್ಯಾಡ. ಏಪ್ರಿಲ್ ಬಿಸಲಾಗ ಅದರ ಮ್ಯಾಲೆ ಯಾರೂ ಕೂಡೂದಿಲ್ಲ.

ಅಚ್ಚಿನಮೊಳೆ:
ಬರಹದ ಕಲ್ಲು ಬ್ಯಾರೆ ಇರಲಿ, ಸಣ್ಣದು, ಒರಗಿಸಿ ನಿಲ್ಲಿಸಿದ್ದು. ಹಾಸಿನ ಮ್ಯಾಲೆ ಕೆತ್ತಿಸಿದ್ರ ಮಂದಿ ಹೆಸರಿನ ಮ್ಯಾಲೆ ಕೂಡಬೇಕಾಗತೈತಿ. ಅಕ್ಷರ ಒಂದು ಇಂಚಿಗಿಂತ ಸಣ್ಣದಾದ್ರ ಒತ್ತಕ್ಷರ ತುಂಬಿಕೊಂಡು ಓದಾಕ ಬರೂದಿಲ್ಲ. ಬರೇ ಬಣ್ಣ ನಂಬಬ್ಯಾಡ್ರಿ, ಬಿಸಲಿಗೆ ಉದರತೈತಿ. ಮೂರು ಮಿಲಿಮೀಟರ್ ಆಳ ಕೆತ್ತಿಸಿದ್ರ ಬಣ್ಣ ಹೋದ್ರೂ ಓದಬಹುದು.

ಮೊಬೈಲಿನಾಗ ಟೈಪ್ ಮಾಡಿದ್ದನ್ನ ಅಂಗಡಿಯವರು ನುಡಿ ಫಾಂಟಿಗೆ ಹಾಕೋವಾಗ ಒತ್ತು, ಅರ್ಕಾವತ್ತು ಚದುರತಾವ. ಕೆತ್ತೋಕ್ಕಿಂತ ಮುಂಚೆ ಅಳತಿ ಪ್ರಕಾರ ಕಾಗದದ ಮ್ಯಾಲೆ ಪ್ರಿಂಟ್ ತಗಸಿ ಇಬ್ಬರು ಓದ್ರಿ. ಹುಟ್ಟಿದ ವರ್ಷ ಶಾಲಿ ದಾಖಲೆದಾಗ ಒಂದು, ಮನಿಯಾಗ ಹೇಳೋದು ಒಂದು ಇರತೈತಿ. ಯಾವುದು ಅಂತ ಅಣ್ಣತಮ್ಮರು ಮೊದಲ ಒಪ್ಪಿಕೊಳ್ರಿ.

‘ಶ್ರಮಜೀವಿ, ಮಮತಾಮಯಿ’ ಅಂತ ಎಲ್ಲಾರ ಕಲ್ಲಿನ ಮ್ಯಾಲೂ ಇರತೈತಿ. ಹೆಸರು, ಎರಡು ವರ್ಷ, ಅವರು ಮಾಡಿದ್ದು ಒಂದು ಸಾಲು ಸಾಕು. ಈ ಒಡ್ಡು ಅವರ ಹಾಕಿದ್ರ ‘ಈ ಒಡ್ಡು ಹಾಕಿದವರು’ ಅಂತ ಬರಸ್ರಿ.

ಎರಿಹೊಲ_ಮುಂಡರಗಿ:
ಒಡ್ಡು ಅವರದ. ಬನ್ನಿ ಅಂತ ಮನಿಯಾಗ ಒಪ್ಪಿದ್ರು. ಕುರಿ ಹಿಂಡು ಅದ ದಾರಿಲೆ ಹೋಗತಾವ, ತಂತಿ ಬೇಲಿ ಬೇಕೇನು?

ಬನ್ನಿಗಿಡ:
ತಂತಿ ಕಳವಾಗತೈತಿ. ಜಾಲಿ ಕಂಟಿ ಐದು ಫೂಟು ಎತ್ತರ ಕಟ್ರಿ, ಬುಡದಿಂದ ಎರಡು ಫೂಟು ದೂರ, ವರ್ಷಕ್ಕೊಮ್ಮಿ ಹೊಸಾದು. ಕುರಿಗಿಂತ ಆಡಿನ ಬಾಯಿ ಎತ್ತರ ಹೋಗತೈತಿ. ಮತ್ತ ಒಣ ಕಂಟಿಗೆ ಬೆಂಕಿ ಭಯ. ಸುಗ್ಗಿ ಆದ ಮ್ಯಾಲೆ ಕೂಳಿ ಸುಡೋರಿದ್ರ ಸುತ್ತ ಆರು ಫೂಟು ಹುಲ್ಲು ಕೆತ್ತಿ ಬಯಲು ಮಾಡ್ರಿ.